ಮನೆದೇವರ ವಿಳಾಸ

ಯಂತ್ರಗಳ ವಿಷಯದಲ್ಲಿ ನಾನು ಹಳೆಯ ಮಡಿವಂತ. ಚಿತ್ರ ತೋರಿಸಿ, ಬಾಣ ಕುಣಿಸಿ, ಇಲ್ಲಿ ಒತ್ತಿ ಎಂದು ಅಂಗಲಾಚುವ ಕಂಪ್ಯೂಟರಿನ ಮೇಲೆ ನನಗೆ ಗೌರವ ಹುಟ್ಟುವುದಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲಿನ ಅಪ್ಪಣೆ ಬರೆಯಬೇಕು, ಅದು ಮರುಮಾತಿಲ್ಲದೆ ಪಾಲಿಸಬೇಕು. ಮಧುಗಿರಿಯ ಒಂದು ಕಚೇರಿಯಲ್ಲಿ ನಿವೃತ್ತಿಯವರೆಗೆ ಹೀಗೆಯೇ ದುಡಿದೆ. ನನ್ನ ಮಾತನ್ನು ಮರುಮಾತಿಲ್ಲದೆ ಪಾಲಿಸುವವರು ಬೇರೆಲ್ಲೂ ಸಿಗಲಿಲ್ಲ ಎಂಬುದೂ ಒಂದು ಕಾರಣವಿದ್ದೀತು.

ಮಗಳ ಮದುವೆ ಗೊತ್ತಾದಾಗ ಲಗ್ನಪತ್ರಿಕೆಯ ಖಾತೆಯನ್ನು ನಾನೇ ವಹಿಸಿಕೊಂಡೆ. 'ಎಫ್‌ಎಂಟಿ' ಎಂಬ ಅಪ್ಪಣೆಯೊಂದಿದೆ. ಗಿಡ್ಡ ಸಾಲುಗಳನ್ನು ಕೂಡಿಸಿ ಒಂದೇ ಅಳತೆಗೆ ತರುವುದು ಅದರ ಧರ್ಮ. ಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಮೇಲೆ ಅದನ್ನು ಪ್ರಯೋಗಿಸಿದೆ. ಆಸ್ತಿ ಪಾಲಾದಂದಿನಿಂದ ಒಂದೇ ಪಂಕ್ತಿಯಲ್ಲಿ ಉಣ್ಣದ ನನ್ನ ಚಿಕ್ಕಪ್ಪಂದಿರಿಬ್ಬರನ್ನು ಅದು ಒಂದೇ ಸಾಲಿನಲ್ಲಿ ಕೂರಿಸಿಬಿಟ್ಟಿತು. ಊರ ಪಂಚರು ಸೋತ ಕೆಲಸ. ಆದರೂ ಅಚ್ಚಿಗೆ ಕೊಡುವ ಮೊದಲು ಬೇರೆ ಮಾಡಿದೆ, ಇಬ್ಬರೂ ಬರಬೇಕಲ್ಲ.

ಆಮೇಲೆ ಲಕೋಟೆಗಳ ವಿಳಾಸ. ಹೆಂಡತಿ ಗಿರಿಜ ಹೆಸರು ಹೇಳಿದಳು, ಒಂದು ಫೈಲಿನಲ್ಲಿ ಸಾಲಾಗಿ ಬರೆದುಕೊಂಡೆ. ಅದೇ ಕ್ರಮದಲ್ಲಿ ಊರು ಹೇಳಿದಳು, ಇನ್ನೊಂದು ಫೈಲಾಯಿತು. ಟಪಾಲು ಸರಿಯಾಗಿ ತಲುಪುತ್ತದೋ ಎಂದು ಪರೀಕ್ಷಿಸಲು ಆಯಾ ಫೈಲಿನ ಕೊನೆಯಲ್ಲಿ ನನ್ನ ಹೆಸರನ್ನೂ ಊರನ್ನೂ ಸೇರಿಸಿದೆ. 'ಪೇಸ್ಟ್' ಎಂದರೆ ಸಾಕು, ಎರಡೂ ಫೈಲುಗಳ ಸಾಲುಗಳು ಪಕ್ಕಪಕ್ಕದಲ್ಲಿ ಜೋಡಿಯಾಗುತ್ತವೆ. ಜಾತಕ ಕೇಳುವುದಿಲ್ಲ. ಚೀಟಿ ಅಚ್ಚಾಯಿತು. ಗೋಂದು ಹಚ್ಚುವವನು ಓದುತ್ತಾ ಕೂರುವುದಿಲ್ಲ. ಮೊದಲ ಲಕೋಟೆಯನ್ನು ದೇವರ ಗೂಡಿನಲ್ಲಿಟ್ಟು, ಗಿರಿಜ ಸ್ನಾನ ಮುಗಿಸುವಷ್ಟರಲ್ಲಿ ಉಳಿದವನ್ನು ಅಂಚೆಗೆ ಹಾಕಿ ಬಂದೆ.

ಅವಳು ಅರಿಶಿನ ಹಚ್ಚಲು ಲಕೋಟೆ ಎತ್ತಿಕೊಂಡು ನಿಂತೇ ಇದ್ದಳು.

"ರೀ, ನಮ್ ಮನೆದೇವ್ರು ಯಾವಾಗ ಹೊಳವನಹಳ್ಳಿಗೆ ಮನೆ ಮಾಡ್ತು?"

ನೋಡಿದೆ. ಮನೆದೇವರು, ಹೊಳವನಹಳ್ಳಿ.

ಮೊದಲ ಪತ್ರಿಕೆ ಮನೆದೇವರಿಗೆ ತಾನೆ? ಹೆಸರು ಹೇಳುವಾಗ ಅವಳು ದೇವರಿಂದ ಶುರುಮಾಡಿದ್ದಳು. ಊರು ಹೇಳುವಾಗ ಹೊಳವನಹಳ್ಳಿಯ ತನ್ನ ಅಣ್ಣನಿಂದ ಶುರುಮಾಡಿದ್ದಳು. ದೇವರಿಗೆ ಯಾರಾದರೂ ಊರು ಹೇಳುತ್ತಾರೆಯೇ? ಊರುಗಳೆಲ್ಲ ಒಂದೊಂದು ಸಾಲು ಮೇಲಕ್ಕೆ ಜರುಗಿದ್ದವು. ಹೊಳವನಹಳ್ಳಿಯ ಭಾವ ಬಡವನಹಳ್ಳಿಗೆ, ಬಡವನಹಳ್ಳಿಯ ಷಡ್ಡಕ ತಾವರೆಕೆರೆಗೆ, ಹೀಗೆ ನೆಂಟರೆಲ್ಲ ಆ ಬೆಳಿಗ್ಗೆ ಗುಳೆ ಹೊರಟಿದ್ದರು. ಊರ ಫೈಲಿನ ತಲೆಯಲ್ಲಿ ಒಂದು ಖಾಲಿ ಸಾಲು ಬಿಟ್ಟಿದ್ದರೆ ಸಾಕಿತ್ತು.

"ಪೂಜೆಗೆ ಮುಂಚೇನೇ ಟಪಾಲ್ಗೆ ಹಾಕ್ಬುಟ್ರಾ?" ಎಂದಳು. ನಾನು ಖಾಲಿ ಚೀಲವನ್ನು ಮೊಳೆಗೆ ತಗುಲಿಸಿದೆ. "ಆ ಬಾಕಿಯವ್ರಿಗೆ ಫೋನ್ ಮಾಡಾನ ಬುಡಿ. ನಮ್ಮಣ್ಣ ಬರ್ದೆ ಹೋದ್ರೆ ಹೆಣ್ಣನ್ನ ಹಸೆಗೆ ಕರ್ಕೊಂಡು ಬರೋರು ಯಾರು? ನಿಮ್ ಕಂಪ್ಯೂಟ್ರಾ?"

ಸೋದರಮಾವನಿಲ್ಲದೆ ನಮ್ಮಲ್ಲಿ ಹೆಣ್ಣು ಹಸೆಮಣೆ ಏರುವುದಿಲ್ಲ. ಭಾವನ ಸಿಟ್ಟೋ, ತಾಲ್ಲೂಕಿಗೇ ಗೊತ್ತು. ಎಲೆ ಅಡಿಕೆ, ಬಾಳೆಹಣ್ಣು ಹಿಡಿದು ಹೊಳವನಹಳ್ಳಿ ಬಸ್ಸು ಹತ್ತಿದೆ. ಕೊರಟಗೆರೆವರೆಗೂ ಕ್ಷಮಾಪಣೆಯ ಪಾಠ ಒಪ್ಪಿಸಿಕೊಂಡೆ.

ಭಾವ ಬಾಗಿಲಲ್ಲೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಎಲೆ ಅಡಿಕೆ ಇಸಕೊಂಡರು.

"ನೀವೇ ಬಂದ್ರಲ್ಲ ಭಾವ, ಸಾಕು. ಕಂಪ್ಯೂಟರ್ ಹಿಡ್ಕಂಡು ಕುಂತವ್ರಂತೆ, ನಿನ್ನೂ ಟಪಾಲಲ್ಲೇ ಕರ್ದುಬುಡ್ತಾರೆ ಅಂತ ಜನ ಅಂತಿದ್ರು. ಅಂಗೇನಾದ್ರೂ ಬಂದಿದ್ರೆ ಈ ಹೊಸ್ಲು ದಾಟ್ತಿರ್ನಿಲ್ಲ ನಾನು."

ಪಾಠವನ್ನು ನುಂಗಿ ಕಾಫಿ ಕುಡಿದೆ. ಮನೆಗೆ ಮರಳಿ, ನನ್ನ ಅಪ್ಪಣೆ ತಪ್ಪಿದ್ದರಿಂದಲೇ ಮದುವೆ ಉಳಿಯಿತೆಂದು ಗಿರಿಜಳಿಗೆ ಗಂಭೀರವಾಗಿ ವರದಿ ಒಪ್ಪಿಸಿದೆ. "ದೇವ್ರಾದ್ಮೇಲೆ ಅಣ್ಣನ ಹೆಸ್ರೇ ಬರ್ಸಿದ್ದು ಮೊದ್ಲು ಹೋಗಿ ಕರೀಲಿ ಅಂತ" ಎಂದಳು.

ಎರಡು ದಿನದ ಮೇಲೆ ಅಂಚೆಯವನು ಬಂದ. ಕೈಯಲ್ಲಿ ನಮ್ಮದೇ ಲಕೋಟೆ. ಕೊನೆಯ ಸಾಲಿಗೆ ಊರು ಉಳಿದಿರಲಿಲ್ಲ. ಮೇಲೆ ನನ್ನ ಹೆಸರೊಂದೇ ಇತ್ತು.

"ಊರಿಲ್ಲ, ಬೀದಿ ಇಲ್ಲ. ಆದ್ರೂ ನಿಮ್ದೇ ಅನ್ಕಂಡು ತಂದ್ಬುಟ್ಟೆ ಸಾರ್."

"ಹೆಂಗಪ್ಪ ಗೊತ್ತಾಯ್ತು?"

"ಇಂಗೆ ಬೇರೆ ಯಾರು ಕಳಿಸ್ತಾರೆ ಸಾರ್?"

ಕಳಿಸಿದ ಅಷ್ಟೂ ಲಕೋಟೆಗಳಲ್ಲಿ ಸರಿಯಾದ ಬಾಗಿಲಿಗೆ ತಲುಪಿದ್ದು ಅದೊಂದೇ. ಗಿರಿಜ ಅದನ್ನು ಒಡೆದು, ಪೂರ್ತಿ ಓದಿ, ನನ್ನ ಕೈಗಿಟ್ಟಳು.

"ತಗಳ್ಳಿ, ನಿಮ್ನೂ ಕರ್ದವ್ರೆ. ಮರೀದೆ ಬಂದ್ಬುಡಿ."