ಪಾರ್ಶ್ವನಾಥನ ಪಾದದ ಮೇಲಿನ ಗಂಧ ಒರೆಸದಿರುವ ಕುರಿತು

ಇಂದ,
ಅಕ್ಕುತಾಯಿ ಭೀಮಗೊಂಡ ಪಾಟೀಲ,
ಧರ್ಮಪತ್ನಿ (ಕಾಯಂ ಹುದ್ದೆ, ಬಡ್ತಿ ಇಲ್ಲ),
ಅಡುಗೆಮನೆ, ಚಿಕ್ಕೋಡಿ.

ಗೆ,
ಶ್ರೀ ಭೀಮಗೊಂಡ ಪಾಟೀಲ ಸಾಹೇಬರು,
ಹಗಲು: ಹೆಡ್ ಕ್ಲಾರ್ಕ್, ಟಪಾಲು ವಿಭಾಗ,
ಸಂಜೆ: ದುರ್ಲಭ ಧಾರ್ಮಿಕ ಚಿತ್ರಪುಸ್ತಕಗಳ ಸಂಗ್ರಾಹಕರು,
ಹಿಂದಿನ ದೇವರ ಕೋಣೆ, ಅದೇ ಮನೆ.

ಮುಖಾಂತರ: ಹಾಲಿ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಮುಕ್ಕಾಂ ಇರುವ ಮನೆದೇವರು.

ವಿಷಯ: ಅರ್ಜಿದಾರಳ ತಾಯಿ ದಿವಂಗತ ಸೋನಾಬಾಯಿಯವರ ಪುಸ್ತಕದಲ್ಲಿ, ಪಾರ್ಶ್ವನಾಥ ಸ್ವಾಮಿಯ ಪಾದದ ಮೇಲಿರುವ ಗಂಧದ ಗುರುತನ್ನು ಬರುವ ರವಿವಾರ ಒರೆಸಿ ತೆಗೆಯದಿರುವ ಕುರಿತು.

ಉಲ್ಲೇಖ: (ಅ) ತಮ್ಮ ಮೌಖಿಕ ಆದೇಶ: "ಏನಿದ್ರೂ ಬರದ ಕೊಡು, ನೋಡೂಣಂತ."
(ಆ) ಊಟಕ್ಕೆ ಬಡಿಸುವಾಗ ಅರ್ಜಿದಾರಳು ಸಲ್ಲಿಸಿದ ಮನವಿಗಳು (ಉತ್ತರ ಬಂದಿಲ್ಲ; ಇನ್ನೊಂದು ರೊಟ್ಟಿ ಕೇಳಲಾಗಿದೆ).

ಮಾನ್ಯರೇ,

ಮೇಲ್ಕಾಣಿಸಿದ ವಿಷಯವನ್ನು ಅರ್ಜಿದಾರಳು ಬಾಯಿಂದ ಹೇಳಿ ಹೇಳಿ ಸಾಕಾಗಿ, ಕಾಗದದ ಮೇಲೆ ಬಾರದ ಸಂಕಟವು ತಮ್ಮ ದೃಷ್ಟಿಯಲ್ಲಿ ಸಂಕಟವೇ ಅಲ್ಲವೆಂದು ಮನವರಿಕೆಯಾದ ಕಾರಣ, ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಾಳೆ.

೧. ಅರ್ಜಿದಾರಳು ಈ ಮನೆಗೆ ಬಂದಾಗ ತಮಗೆ ಯಾವ ಹವ್ಯಾಸವೂ ಇರಲಿಲ್ಲ. ಸಂಜೆ ಬಂದು ಚಹಾ ಕುಡಿದು ಊರ ಮಂದಿಯನ್ನು ಬೈಯುತ್ತಿದ್ದಿರಿ, ಮನೆ ನಿಶ್ಚಿಂತವಾಗಿತ್ತು. ಆಮೇಲೆ ಹಾರೂಗೇರಿಯ ರದ್ದಿ ಅಂಗಡಿಯೊಂದರಲ್ಲಿ, ಯಾರೋ ತಿಳಿಯದೆ ಹಾಕಿದ್ದ ಹಳೆಯ ಪುಸ್ತಕವೊಂದು ತಮ್ಮ ಕೈಗೆ ಸಿಕ್ಕಿತು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಅಚ್ಚೊತ್ತಿದ ದೇವರ ಚಿತ್ರಗಳು ಅದರಲ್ಲಿದ್ದವು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ!

ನಮ್ಮ ಕಡೆ ಜೀರ್ಣವಾದ ದೇವರ ಪುಸ್ತಕವನ್ನು ರದ್ದಿಗೆ ಹಾಕುವುದಿಲ್ಲ, ಹೊಳೆಗೆ ಬಿಡುತ್ತಾರೆ. ಇದನ್ನು ಬಲ್ಲ ತಾವು ಅಮಾವಾಸ್ಯೆ ಬಂತೆಂದರೆ ದೂಧಗಂಗಾ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿ, ಚೀಲ ಹಿಡಿದು ಬಂದವರನ್ನೆಲ್ಲ "ಒಳಗ ಏನೈತ್ರಿ?" ಎಂದು ತಪಾಸಣೆ ಮಾಡತೊಡಗಿದಿರಿ. ಕೊಗನೊಳ್ಳಿಯ ಅಜ್ಜಿಯೊಬ್ಬಳು ತಮ್ಮನ್ನು ನಾಕಾದ ಪೊಲೀಸರೆಂದು ತಿಳಿದು, "ಸಾಹೇಬ್ರ, ದಾರೂ ಅಲ್ರೀ, ದೇವ್ರ ಅದಾನ್ರಿ ಒಳಗ" ಎಂದು ಕೈಮುಗಿದಳಂತೆ. ಇದನ್ನು ತಾವೇ ನಗುತ್ತ ಹೇಳಿದ್ದೀರಿ. ಆ ಚೀಲ ಈಗ ನಮ್ಮ ಮನೆಯಲ್ಲಿದೆ.

೨. ಪುಸ್ತಕಗಳು ಮೂರು ಕಪಾಟು ತುಂಬಿದ ಕಾರಣ, ಮನೆಯಲ್ಲಿ ತೇವ ಹಿಡಿಯದ ಕೋಣೆ ದೇವರ ಕೋಣೆ ಒಂದೇ ಆದ ಕಾರಣ, ದೇವರ ಚಿತ್ರಗಳಿಗೆ ಸ್ಥಳ ಕಲ್ಪಿಸುವ ಸಲುವಾಗಿ ದೇವರನ್ನೇ ಅಡುಗೆಮನೆಗೆ ವರ್ಗಾವಣೆ ಮಾಡಲಾಯಿತು. ದೇವರು ಯಾವ ತಕರಾರೂ ಮಾಡದೆ ಅಂದೇ ಹಾಜರಾಗಿದ್ದಾರೆ. ತಮ್ಮ ಕಚೇರಿಯಲ್ಲಿ ಇಂಥ ನೌಕರ ಒಬ್ಬನಾದರೂ ಇದ್ದರೆ ತೋರಿಸಬೇಕು.

೩. ಸದರಿ ಕೋಣೆಗೆ ತಾವು ನಿಯಮ ಹೊರಡಿಸಿದ್ದೀರಿ. "ಊದಿನಕಡ್ಡಿ ಬ್ಯಾಡ, ದೀಪ ಬ್ಯಾಡ, ಹಸಿ ಕೈ ಅಂತೂ ಬ್ಯಾಡೇ ಬ್ಯಾಡ. ಉಸುರು ಸೈತ ಆಕಡೆ ಮಾರಿ ಮಾಡಿ ಬಿಡು." ತಾವು ಬಿಳಿ ಕೈಗವಸು ಹಾಕಿಕೊಂಡು ಹಾಳೆ ತಿರುವುವುದನ್ನು ಅರ್ಜಿದಾರಳು ಹೊಸ್ತಿಲ ಆಚೆ ನಿಂತು ನೋಡಬಹುದು. ಅವಳ ತಾಯಿ, ಜಳಕ ಮಾಡದ ಕೈಯಿಂದ ದೇವರ ಪುಸ್ತಕ ಮುಟ್ಟಬೇಡ ಎನ್ನುತ್ತಿದ್ದಳು. ತಾವು ಜಳಕ ಮಾಡಿ ಬಂದ ಕೈಯಿಂದ ಮುಟ್ಟಬೇಡ ಎನ್ನುತ್ತೀರಿ. ಹಾಗಾದರೆ ಅರ್ಜಿದಾರಳು ಯಾರ ಕೈ ತರಬೇಕು ಎಂಬ ಬಗ್ಗೆ ಸ್ಪಷ್ಟೀಕರಣ ನೀಡಬೇಕು.

೪. ಇನ್ನು ಮುಖ್ಯ ವಿಷಯ. ಅರ್ಜಿದಾರಳ ತವರುಮನೆ ಏಕಸಂಬಿ. ತಾಯಿ ತೀರಿಕೊಂಡ ಮೇಲೆ ಅಣ್ಣ ಬಾಬಾಸಾಹೇಬ, ಗೋಡೆಯ ಗೂಡಿನಲ್ಲಿದ್ದ ಅವಳ ಪುಸ್ತಕವನ್ನು, ಹೊಲಿಗೆ ಬಿಟ್ಟಿದೆ ಎಂದು, ಹೊಳೆಗೆ ಬಿಡಲು ಅರಿವೆಯಲ್ಲಿ ಕಟ್ಟಿದ್ದ. ಇಪ್ಪತ್ನಾಲ್ಕು ತೀರ್ಥಂಕರರ ಅಚ್ಚಿನ ಚಿತ್ರಗಳಿದ್ದ ಪುಸ್ತಕ ಅದು. ತಾವು ಅದನ್ನು ಅವನ ಕೈಯಿಂದ ಬಿಡಿಸಿ ಎದೆಗೆ ಅವಚಿಕೊಂಡಿರಿ. "ಅತ್ತಿಯವರ ನೆನಪಿಗೆ ಇರಲಿ, ಬಾಬಾಸಾಹೇಬ. ನಾ ಜ್ವಾಪಾನ ಮಾಡ್ತೇನಿ" ಎಂದಿರಿ. ಸುಳ್ಳು ಯಾಕೆ ಹೇಳಬೇಕು, ಅರ್ಜಿದಾರಳು ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗಂಡನೆಂದರೆ ಇಂಥವನಿರಬೇಕು ಎಂದುಕೊಂಡಳು. ಸದರಿ ಅಭಿಪ್ರಾಯವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ.

೫. ಆ ಪುಸ್ತಕದಲ್ಲಿ ಪಾರ್ಶ್ವನಾಥ ಸ್ವಾಮಿಯ ಚಿತ್ರವಿದೆ. ತಲೆಯ ಮೇಲಿನ ಹಾವಿನ ಹೆಡೆಯ ಗೆರೆಗಳು ಕೂದಲೆಳೆಯಷ್ಟು ಸಣ್ಣ ಎಂದು ತಾವು ಬಂದವರಿಗೆಲ್ಲ ಭೂತಗನ್ನಡಿ ಹಿಡಿದು ತೋರಿಸುತ್ತೀರಿ. ತೋರಿಸದೆ ಬಿಡುವುದು ಪಾದವನ್ನು. ಅರ್ಜಿದಾರಳ ತಾಯಿ ದಿನಾ ಗಂಧ ತೇದು, ಉಂಗುರಬೆರಳಿನಿಂದ ಅದೇ ಪಾದಕ್ಕೆ ಹಚ್ಚುತ್ತಿದ್ದಳು. ಚಿಕ್ಕವಳಿದ್ದಾಗ ಆ ಬೆರಳು ಬೀಸುಕಲ್ಲಿಗೆ ಸಿಕ್ಕು ತುದಿ ಎಡಕ್ಕೆ ಸೊಟ್ಟಗಾಗಿತ್ತು. ಆದಕಾರಣ ಗಂಧವೂ ಸೊಟ್ಟ ಬಿದ್ದಿದೆ. ಹಚ್ಚಿ ಹಚ್ಚಿ ಹಾಳೆ ಅಲ್ಲಿ ಹಳದಿಯಾಗಿ, ಹೊಳೆಯಂಚಿನ ಒಣಗಿದ ಕೆಸರಿನಂತೆ ಗಟ್ಟಿಯಾಗಿದೆ. ಸ್ವಾಮಿಯ ಕಾಲ್ಬೆರಳು ಕಾಣುವುದಿಲ್ಲ, ಅವ್ವನ ಕೈಬೆರಳು ಕಾಣುತ್ತದೆ.

ಅವ್ವನದೆಂದು ಉಳಿದ ಫೋಟೋ ಒಂದೇ, ಆಧಾರ್ ಕಾರ್ಡಿನದು. "ಇಕಿ ಯಾರಬೇ, ನಾ ಅಲ್ಲ ಇಕಿ" ಎಂದು ಅದನ್ನು ಅವ್ವನೇ ತಿರಸ್ಕರಿಸಿದ್ದಳು.

೬. ಹೋದ ರವಿವಾರ ಹಳೆಯ ಕಾಗದ ತೊಳೆದು ಸರಿಪಡಿಸುವ ಸುಹಾಸ ಎಂಬವರು ಕೊಲ್ಲಾಪುರದಿಂದ ಬಂದರು. ನಿಪ್ಪಾಣಿಯಲ್ಲಿ ಸಂಗ್ರಾಹಕರ ಪ್ರದರ್ಶನವಿದೆಯಂತೆ, ಅಲ್ಲಿ ಈ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಅರ್ಜಿದಾರಳು ಚಹಾ ತಂದಾಗ ಅವರು ಪಾದದ ಮೇಲಿನ ಕಲೆಗೆ ಬೊಟ್ಟು ಮಾಡಿ, "ಹೇ ಕಾಯ್, ಪಾಟೀಲ ಸಾಹೇಬ? ಇಷ್ಟ ಚಲೋ ಚಿತ್ರಕ್ಕ ಇದೆಂಥಾ ಡಾಗ?" ಎಂದು ಕೇಳಿದರು.

ತಾವು ನಕ್ಕಿರಿ. "ಯಾರೋ ಹಳ್ಳಿ ಹೆಂಗಸ ಗಂಧ ಬಡದಾಳ್ರಿ. ತಿಳುವಳಿಕಿ ಇರೂದಿಲ್ಲ ಅವ್ಕ" ಎಂದಿರಿ.

ಯಾರೋ! ಆ ಯಾರೋ ಹಳ್ಳಿ ಹೆಂಗಸಿನ ಮನೆಯಲ್ಲಿ ತಾವು ಪ್ರತಿ ದೀಪಾವಳಿಗೆ ಮಣೆಯ ಮೇಲೆ ಕುಳಿತು ಹೋಳಿಗೆ ತಿಂದಿದ್ದೀರಿ. ತಮಗೆ ಅಲ್ಲಿ ಕಾಮಾಲೆ ಬಂದು ಮಲಗಿದಾಗ ಅದೇ ಸೊಟ್ಟ ಬೆರಳು ಗಂಜಿ ಕಲಸಿ ಕುಡಿಸಿದೆ. ಕೊಲ್ಲಾಪುರದ ಒಬ್ಬ ಮನುಷ್ಯನ ಎದುರು ಮರ್ಯಾದೆ ಉಳಿಯಲೆಂದು ತಾವು ಅತ್ತೆಯ ಹೆಸರನ್ನು ನುಂಗಿದಿರಿ. ಅರ್ಜಿದಾರಳ ಕೈಯಲ್ಲಿ ಆಗ ಬಿಸಿ ಚಹಾದ ತಟ್ಟೆ ಇತ್ತು. ಆದರೂ ಚಹಾ ಚೆಲ್ಲಲಿಲ್ಲ. ಈ ಸಂಯಮವನ್ನು ಸೇವಾ ಪುಸ್ತಕದಲ್ಲಿ ನಮೂದಿಸಬೇಕು.

೭. ಅವಳು ಸುಹಾಸ ಅವರನ್ನೇ ಕೇಳಿದಳು: "ಇದನ್ನ ಹೆಂಗ ತಗಿತೀರಿ?"

"ಹತ್ತಿ ಅರಳಿಗಿ ಔಷಧಿ ಹಚ್ಚಿ ಮೆಲ್ಲಕ ಒರಸ್ತೇವ್ರಿ, ವೈನಿ. ಗೊತ್ತ ಸೈತ ಆಗೂದಿಲ್ಲ."

"ಆ ಅರಳಿ ಏನ ಮಾಡ್ತೀರಿ?"

"ಒಗದ ಬಿಡೂದ್ರಿ. ಅದನ್ನೇನ ಇಟ್ಕೊಳ್ಳೂದು?"

ಅವರದೇನೂ ತಪ್ಪಿಲ್ಲ, ಪಾಪ. ಕೇಳಿದ್ದಕ್ಕೆ ಹೇಳಿದರು.

೮. ಅಂದು ಅವರು ಹೋದ ಮೇಲೆ ಅರ್ಜಿದಾರಳು ಇದು ಅವ್ವನ ಗುರುತು ಎಂದು ತಕರಾರು ತೆಗೆದಾಗ ತಾವು ಉದಾರ ಮನಸ್ಸಿನಿಂದ, "ಅದಕ್ಯಾಕ ಇಷ್ಟ ಮಾರಿ ಸಣ್ಣ ಮಾಡ್ತಿ ಅಕ್ಕೂ? ಒರಸಿದ ಮ್ಯಾಲ ಒಂದ ಜೆರಾಕ್ಸ್ ತಗದ ಕೊಡ್ತೇನಿ. ಅದಕ್ಕ ನೀ ಎಷ್ಟ ಬೇಕ ಅಷ್ಟ ಗಂಧ ಹಚ್ಚು" ಎಂದು ಪರಿಹಾರ ಸೂಚಿಸಿದಿರಿ. ಅರ್ಜಿದಾರಳು ತಮ್ಮ ಸೂಚನೆಯನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿದ್ದಾಳೆ. ಗಂಧ ತೇದು, ಉಂಗುರಬೆರಳಿಗೆ ಹಚ್ಚಿಕೊಂಡು, ಹಳೆಯ ಕ್ಯಾಲೆಂಡರಿನ ಮೇಲೆ ಒತ್ತಿ ನೋಡಿದಳು. ಬೆರಳನ್ನು ಎಡಕ್ಕೆ ಹೊರಳಿಸಿ ನೋಡಿದಳು. ಬಗ್ಗಿಸಿ ನೋಡಿದಳು. ಎಲ್ಲವೂ ನೆಟ್ಟಗೇ ಬಿದ್ದವು. ಅವ್ವನ ಹಾಗೆ ಒಂದೂ ಬೀಳಲಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಗಾಗಿ, ತಾವು ದಯಮಾಡಿ ಸದರಿ ಗುರುತನ್ನು ಯಥಾಸ್ಥಿತಿಯಲ್ಲಿ ಉಳಿಸಬೇಕು. ಪ್ರದರ್ಶನದಲ್ಲಿ ಅದರ ಪಕ್ಕಕ್ಕೆ ಒಂದು ಚೀಟಿ ಅಂಟಿಸಿ, "ಇದು ಡಾಗ ಅಲ್ಲ, ಇದನ್ನು ಹಚ್ಚಿದವರು ನಮ್ಮ ಅತ್ತೆ ಸೋನಾಬಾಯಿ" ಎಂದು ತಮ್ಮ ಸುಂದರ ಅಕ್ಷರದಲ್ಲಿ ಬರೆಯಬೇಕು. ತಾವು ಬರೆಯುವುದರಲ್ಲಿ ನಿಸ್ಸೀಮರು.

ತಪ್ಪಿದಲ್ಲಿ ಕೈಗೊಳ್ಳುವ ಕ್ರಮವನ್ನು ಈ ಮೂಲಕ ಮುಂಚಿತವಾಗಿ ತಿಳಿಸಲಾಗಿದೆ. ನಾಳೆ ಶನಿವಾರ ಶ್ರುತಪಂಚಮಿ, ದೇವರ ಪುಸ್ತಕಗಳನ್ನೆಲ್ಲ ಹೊರತೆಗೆದು ಪೂಜಿಸುವ ದಿನ. ಕಪಾಟಿನ ಕೀಲಿಕೈ ತಾವು ಒಗೆಯಲು ಹಾಕಿದ ಪೈಜಾಮದ ಜೇಬಿನಲ್ಲಿ ಸಿಕ್ಕಿದೆ. ಅರ್ಜಿದಾರಳು ಜಳಕ ಮಾಡಿ, ಹಸಿ ಕೈಯಿಂದಲೇ, ಮೂರೂ ಕಪಾಟಿನ ಪ್ರತಿಯೊಂದು ದೇವರ ಪ್ರತಿಯೊಂದು ಪಾದಕ್ಕೂ ಶ್ರದ್ಧಾಪೂರ್ವಕ ಗಂಧ ಹಚ್ಚುವವಳಿದ್ದಾಳೆ. ಪೂಜೆಯನ್ನು ಆಕ್ಷೇಪಿಸಲು ಯಾವ ಕಾನೂನಿನಲ್ಲೂ ಅವಕಾಶವಿಲ್ಲ. ಸುಹಾಸ ಅವರು ರವಿವಾರ ಬಂದು ಅರಳೆ ಹಿಡಿದು ಕೂರಲಿ. ಅವರಿಗೆ ಮೂರು ಹೊತ್ತಿನ ಊಟ ಹಾಕಲು ಅರ್ಜಿದಾರಳು ಸಿದ್ಧಳಿದ್ದಾಳೆ. ಅಷ್ಟೊಂದು ಗುರುತುಗಳ ನಡುವೆ ಅವ್ವನದು ಯಾವುದೆಂದು ಅವಳನ್ನು ಬಿಟ್ಟು ಯಾರಿಗೂ ಗುರುತು ಹತ್ತುವುದಿಲ್ಲ, ಬೇಕಾದವರು ಅವಳನ್ನೇ ಕೇಳಲು ಬರಲಿ.

ತಮ್ಮ ವಿಶ್ವಾಸಿ (ನಾಳೆ ಬೆಳಗಿನ ಜಳಕದವರೆಗೆ),
ಅಕ್ಕುತಾಯಿ

ಸ್ಥಳ: ಒಲೆಯ ಮುಂದೆ
ದಿನಾಂಕ: ಶ್ರುತಪಂಚಮಿಯ ಮುನ್ನಾದಿನ, ಶುಕ್ರವಾರ

ಲಗತ್ತುಗಳು:
ಅ. ನೆಟ್ಟಗೆ ಬಿದ್ದ ಗಂಧದ ಗುರುತುಗಳುಳ್ಳ ಕ್ಯಾಲೆಂಡರ್ ಹಾಳೆ.
ಆ. ತಾಯಿಯ ಆಧಾರ್ ಕಾರ್ಡಿನ ಜೆರಾಕ್ಸ್ (ತಮಗೆ ಜೆರಾಕ್ಸ್ ಸಾಕಾಗುತ್ತದೆಂದು).
ಇ. ತೇದ ಗಂಧ, ಒಂದು ವಾಟಿ (ಸಣ್ಣ ಬಟ್ಟಲು). ಕೀಲಿಕೈಯನ್ನು ಲಗತ್ತಿಸಿಲ್ಲ.

ಕೊನೆಯ ವಿನಂತಿ: ಈ ಅರ್ಜಿ ತಮ್ಮ ಊಟದ ತಾಟಿನ ಕೆಳಗಿದೆ. ಅರ್ಜಿದಾರಳು ಹೊಸ್ತಿಲ ಆಚೆ ನಿಂತಿದ್ದಾಳೆ. ವಾಟಿಯಲ್ಲಿನ ಗಂಧ ಒಣಗುವುದರೊಳಗೆ ಆದೇಶ ಹೊರಡಿಸಬೇಕು. ಈ ಒಂದು ಸಲ ಮೌಖಿಕವಾಗಿದ್ದರೂ ನಡೆಯುತ್ತದೆ.