ಹಮೀದನ ಗಾಳಕ್ಕೆ ನಾನು ರಿಂಗು ಕಟ್ಟಿದ್ದು

ಮೂಡಿಗೆರೆ ಸೀಮೆಯಲ್ಲಿ ಸಾಲು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ಬಹಳ ವಿನಯದಿಂದಲೇ ಹೇಳುತ್ತಿದ್ದೇನೆ. ಮೂವತ್ತೆರಡು ವರ್ಷ ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಆಗಿದ್ದವನು ನಾನು. ಹಗ್ಗ ಹಿಡಿಸಿ, ಗೂಟ ಹೊಡೆಸಿ, ಆರಡಿಗೊಂದರಂತೆ ನಾನು ನೆಡಿಸಿದ ಕಾಫಿ ಗಿಡಗಳು ಇಂದಿಗೂ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನಿಂತಿವೆ. ಹಾಗಾಗಿ ಹಮೀದನ ಹೆಂಡತಿ ಜುಲೇಖಾ ಉದ್ದನೆಯ ಕಪ್ಪು ಕೋಲೊಂದನ್ನು ಹಳೇ ಲುಂಗಿಯಲ್ಲಿ ಸುತ್ತಿಕೊಂಡು ಮನೆಗೆ ಬಂದಾಗ ನನಗೆ ಯಾವ ಅಂಜಿಕೆಯೂ ಆಗಲಿಲ್ಲ.

ಹಮೀದ ನಮ್ಮ ಎಸ್ಟೇಟಿನ ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಲ್ಲ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ನನಗಿದ್ದ ಒಬ್ಬನೇ ಗೆಳೆಯ. ಹಳೆಯ ಮಾಲೀಕರೊಬ್ಬರಿಂದ ಗರಿ ಕಟ್ಟಿದ ಕೊಕ್ಕೆಯ ಗಾಳ ಹಾಕುವುದನ್ನು ಕಲಿತಿದ್ದ. ಎರೆಹುಳು ಸಿಕ್ಕಿಸಿ ಕೂರುವ ಗಾಳವಲ್ಲ ಅದು. ದಪ್ಪ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ, ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಸಿಕ್ಕ ಮೀನನ್ನು ಅವನು ವಾಪಸ್ ಬಿಡುತ್ತಿದ್ದ. ನಾನು ಮೀನು ಮುಟ್ಟದ ಮನೆಯವನು. ಹೇಮಾವತಿಯ ದಡದಲ್ಲಿ ಕೂತು ಚಕ್ಕುಲಿ ತಿನ್ನುತ್ತಿದ್ದೆ. ಈ ವರ್ಷದ ಕಾಫಿ ಕೊಯ್ಲು ಮುಗಿಯುವಾಗ, ಪಲ್ಪರ್ ಬಿಚ್ಚಿಟ್ಟುಕೊಂಡು ಕೂತಿದ್ದವನು ಎದೆ ಹಿಡಿದುಕೊಂಡು ಹೋಗಿಯೇಬಿಟ್ಟ. ಆಮೇಲೆ ನಾನು ದಡದ ಕಡೆ ಹೋಗಿಲ್ಲ. ಚಕ್ಕುಲಿಯೂ ರುಚಿಸುವುದಿಲ್ಲ.

"ಮಗಳಿಗೆ ಅಂತ ಮಾಡ್ತಾ ಇದ್ರು ಅಣ್ಣಾ," ಎಂದಳು ಜುಲೇಖಾ. "ರಿಂಗ್ ಕಟ್ಟೋದೊಂದು ಬಾಕಿ. ನಸೀಮಾ ಭಾನುವಾರ ಚಿಕ್ಕಮಗಳೂರಿಂದ ಬರ್ತಾಳೆ. ಅಷ್ಟರೊಳಗೆ ಯಾರಾದ್ರೂ ಕಟ್ಟಿಕೊಟ್ಟಿದ್ರೆ..."

"ಯಾರಾದ್ರೂ ಯಾಕೆ? ನಾನಿಲ್ವಾ!"

ಅವಳು ಹೋದ ಮೇಲೆ ನನ್ನ ಧರ್ಮಪತ್ನಿ ಗಿರಿಜಾ ಹೊರಗೆ ಬಂದಳು.

"ಎಂತ ಮಾರಾಯ್ರೆ, ನೀವು ಊಟದ ಟೇಬಲ್ ಒರೆಸಿದ್ರೆ ಅರ್ಧ ಸಾರು ಅಲ್ಲೇ ಇರುತ್ತೆ. ನಿಮಗೆ ಬೇಕಾ ಈ ಕೆಲಸ? ಸತ್ತವರ ವಸ್ತು ಅದು."

ಈ ಅವಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಮೊತ್ತಮೊದಲು ಸ್ವಚ್ಛತಾ ಕಾರ್ಯವನ್ನು ಕೈಗೊಂಡೆ. ಕೋಲಿನ ಮೇಲೆ ಬಿಳೀ ಚುಕ್ಕೆಗಳಿದ್ದವು. ತುದಿಯ ಹತ್ತಿರ ಒತ್ತೊತ್ತಾಗಿ, ಹಿಡಿಯ ಕಡೆಗೆ ಬರುತ್ತಾ ದೂರ ದೂರ. ಒಂದಕ್ಕೂ ಲೆಕ್ಕವಿಲ್ಲ, ಅಂತರವಿಲ್ಲ. ಗ್ಯಾರೇಜಿನಲ್ಲಿ ಬಿದ್ದಿದ್ದ ವಸ್ತು, ಪೇಂಟ್ ಸಿಡಿದಿರಬೇಕು! ಥಿನ್ನರಿನಲ್ಲಿ ಬಟ್ಟೆ ಅದ್ದಿ, ಕೋಲಿನಲ್ಲಿ ನನ್ನ ಮುಖ ಕಾಣುವವರೆಗೆ ಉಜ್ಜಿದೆ.

ಆಮೇಲೆ ಜುಲೇಖಾ ಕೋಲಿನ ಜೊತೆ ಕೊಟ್ಟುಹೋಗಿದ್ದ ರಿಂಗಿನ ಪೊಟ್ಟಣ ಬಿಚ್ಚಿದೆ. ದಾರ ತೂರಿಸಲು ಒಂಬತ್ತು ರಿಂಗು. ಒಂದರ ಅಳತೆ ಇನ್ನೊಂದಕ್ಕಿಲ್ಲ! ಮೊದಲನೆಯದು ಬೆರಳಿಗೆ ಹಾಕುವಷ್ಟು, ಕೊನೆಯದು ಸೊಳ್ಳೆಗೆ ಮೂಗುತಿ ಮಾಡಿಸಿದ ಹಾಗೆ. ಅಂಗಡಿಯವನು ಉಳಿದದ್ದನ್ನೆಲ್ಲ ಗುಡಿಸಿ ಕಳಿಸಿದ್ದಾನೆಂದು ನಾನು ಅವನನ್ನು ಕ್ಷಮಿಸಿದೆ. ಟೇಪು ಹಿಡಿದು, ಹನ್ನೊಂದು ಇಂಚಿಗೊಂದರಂತೆ ಸಮನಾಗಿ ಸಾಲು ಹಾಕಿದೆ. ಕಾಫಿಯ ನಡುವೆ ನೆರಳಿಗೆ ಸಿಲ್ವರ್ ಮರ ಬರುವಂತೆ, ಒಂದು ದೊಡ್ಡ ರಿಂಗಿನ ಪಕ್ಕ ಒಂದು ಚಿಕ್ಕ ರಿಂಗು. ನೂಲು ಸುತ್ತಿ, ಅಂಟು ಬಳಿದು ಒಣಗಿಸಿದೆ. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದೆ. ಎಂಥಾ ಸಾಲು! ಹಮೀದನಿಗೆ ತೋರಿಸಬೇಕೆಂದು ಅಂಗಳದವರೆಗೆ ಹೋಗಿ, ಅವನಿಲ್ಲವೆಂದು ನೆನಪಾಗಿ ಒಳಗೆ ಬಂದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಹೊಳೆಗೆ ಹೋದೆವು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಸೀಮಾ ಅಪ್ಪನ ಹಾಗೆಯೇ ನೀರಿನಲ್ಲಿ ಮೊಣಕಾಲುದ್ದ ಇಳಿದು ಕೋಲು ಬೀಸಿದಳು. ಕೋಲು ಬಗ್ಗಿತು, ದಾರ ಬಗ್ಗಲಿಲ್ಲ. ತುದಿಯ ಕಡೆ ರಿಂಗಿನಿಂದ ರಿಂಗಿಗೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಕೋಲು ಬಿಟ್ಟು ದೂರ ನಿಂತಿತು. ಎರಡನೆಯ ಸಲ ಚಿಕ್ಕ ರಿಂಗಿನಲ್ಲಿ ಸಿಕ್ಕಿಕೊಂಡಿತು. ಮೂರನೆಯ ಸಲ ಕೊಕ್ಕೆ ಹಿಂದಕ್ಕೆ ಹಾರಿ ನನ್ನ ಉಣ್ಣೆ ಟೋಪಿಯನ್ನು ಎತ್ತಿಕೊಂಡು ಹೊಳೆಗೆ ಬಿತ್ತು. ಆ ದಿನ ಗಾಳಕ್ಕೆ ಸಿಕ್ಕಿದ್ದು ಅದೊಂದೇ!

ನಸೀಮಾ ದಡಕ್ಕೆ ಬಂದು ರಿಂಗುಗಳ ಮೇಲೆ ಬೆರಳಾಡಿಸಿದಳು.

"ಅಂಕಲ್, ಇವನ್ನೆಲ್ಲ ಒಂದೇ ಸಮ ಯಾಕೆ ಕಟ್ಟಿದ್ರಿ? ಗುರುತಿನ ಮೇಲೆ ಕಟ್ಟಿಲ್ವಾ?"

"ಯಾವ ಗುರುತು?"

"ಬಿಳೀ ಪೆನ್ಸಿಲಿಂದು. ನಮ್ಮ ಅಬ್ಬ ಒಂದು ವಾರ ಕೂತು ಹಾಕಿದ್ರು. ಕೋಲಿನ ತುದಿಗೆ ಭಾರ ಕಟ್ಟಿ ಬಗ್ಗಿಸೋದು, ದಾರ ಎಲ್ಲಿ ಕೋಲಿಗೆ ತಾಗುತ್ತೆ ನೋಡೋದು, ಅಳಿಸೋದು, ಮತ್ತೆ ಹಾಕೋದು. ನನ್ನ ಕೈಗೆ ಕೊಟ್ಟು ಬೀಸು ಅನ್ನೋರು. ನನ್ನ ಕೈಗೆ ಸರಿಯಾಗಲಿ ಅಂತ."

ಚಳಿಯಲ್ಲಿ ಬೋಳುತಲೆ ಹೊತ್ತು ನಿಂತಿದ್ದೆ.

"ಪೇಂಟ್ ಅಂದ್ಕೊಂಡೆ ಮಗಾ. ಒರೆಸಿಬಿಟ್ಟೆ."

ಜುಲೇಖಾ ಹೊಳೆಯ ಕಡೆ ಮುಖ ತಿರುಗಿಸಿಕೊಂಡಳು. ನಸೀಮಾ ನನ್ನ ಒದ್ದೆ ಟೋಪಿಯನ್ನು ಹಿಂಡಿ ಕೈಗೆ ಕೊಟ್ಟಳು. "ಇರ್ಲಿ ಅಂಕಲ್. ರಿಂಗ್ ಬಿಚ್ಚಿ ಕಟ್ಟಬಹುದು," ಎಂದಳು. ಗುರುತಿನ ವಿಷಯ ಅವಳು ಮತ್ತೆ ಎತ್ತಲಿಲ್ಲ. ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಕೋಲನ್ನು ಮನೆಗೆ ತಂದು, ಬ್ಲೇಡಿನಲ್ಲಿ ಒಂದೊಂದೇ ರಿಂಗು ಬಿಡಿಸಿದೆ. ಭೂತಗನ್ನಡಿ ಹಿಡಿದು ಕೋಲನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದೆ. ಹಮೀದನದು ಒಂದಾದರೂ ಚುಕ್ಕೆ ಉಳಿದಿರಬಹುದೆಂಬ ಆಸೆ. ಗಿರಿಜಾ ನನ್ನ ಕೈಯಿಂದ ಕೋಲು ತೆಗೆದುಕೊಂಡು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ತುದಿಯಿಂದ ಹಿಡಿಯವರೆಗೆ ತಾನೂ ಹುಡುಕಿದಳು.

"ಎಂತದೂ ಇಲ್ಲ ಮಾರಾಯ್ರೆ," ಎಂದಳು ಮೆಲ್ಲಗೆ. "ಚೆನ್ನಾಗಿ ಒರೆಸಿದ್ದೀರಿ."

ಮದುವೆಯಾದ ಮೇಲೆ ನಾನು ಒರೆಸಿದ್ದನ್ನು ಅವಳು ಒಪ್ಪಿಕೊಂಡದ್ದು ಅದೊಂದೇ ಸಲ.