ಗಂಡನ ಹೆಸರು, ಹಾವೇರಿಯ ತಕರಾರು

ಆಗ ನನಗೆ ಐವತ್ತೆಂಟು; ಆರು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ನಾನು ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಇದನ್ನು ಭಕ್ತಿ ಎಂದು ಯಾರೂ ತಿಳಿಯಬೇಡಿ. ಹೇಳಬಾರದೆಂದು ಅವ್ವ ಕಲಿಸಿದ್ದಳು, ಹೇಳಲಿಲ್ಲ. ಮನೆಯಲ್ಲಿ ಅದರಿಂದ ತೊಂದರೆಯೂ ಇರಲಿಲ್ಲ. "ಏನ್ರಿ" ಎಂದರೆ ಬರುತ್ತಾರೆ, ಬೈದರೂ ಬರುತ್ತಾರೆ. ಆಧಾರ್ ಕಾರ್ಡಿನವರು ಕೇಳಿದಾಗ ಅಪ್ಪನ ಹೆಸರು ಬರೆಸಿದೆ. ಅದಕ್ಕೆ ಅಡ್ಡಿಯಿಲ್ಲವಲ್ಲ.

ಬ್ಯಾಡಗಿಯಲ್ಲಿ ಮೂವತ್ತು ವರ್ಷ ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದ್ದೇನೆ. ಕೊನೆಕೊನೆಗೆ ಮೊಣಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಗೇಟಿನ ಕೆಲಸ ಖಾಲಿಯಾಯಿತು. ಹೆಣ್ಣಾಳುಗಳು ಹೊರಗೆ ಹೋಗುವಾಗ ಚೀಲ ನೋಡಿ ಕಳಿಸುವುದು. ಕೆಲಸ ದೊಡ್ಡದಲ್ಲ, ಆದರೆ ಕುರ್ಚಿ ಕೊಡುತ್ತಿದ್ದರು. ನನಗೆ ಬೇಕಾಗಿದ್ದೇ ಆ ಕುರ್ಚಿ.

ಮ್ಯಾನೇಜರ್ ಫಾರ್ಮ್ ತುಂಬುತ್ತ ಗಂಡನ ಹೆಸರು ಕೇಳಿದ. ನಾನು ಗೋಡೆಯ ಕ್ಯಾಲೆಂಡರಿಗೆ ಬೆರಳು ಮಾಡಿದೆ. ಅದರಲ್ಲಿ ಶಿವ, ಅವನ ತೊಡೆಯ ಮೇಲೆ ಗಣಪತಿ. ನಾನು ತೋರಿಸಿದ್ದು ಮಗನನ್ನು, ಅವನು ಬರೆದದ್ದು ಅಪ್ಪನನ್ನು. ನನಗೆ ಬರೆಯಲು, ಓದಲು ಬರುವುದು ನನ್ನ ಹೆಸರೊಂದೇ. ಅದನ್ನು ಕೆಳಗೆ ಗೀಚಿ ಎದ್ದು ಬಂದೆ.

ಕೆಲವು ದಿನಗಳ ಮೇಲೆ ಕರೆಸಿದ. ಕೆಲಸಕ್ಕೆ ಸೇರುವವರ ಪೂರ್ವಾಪರ ವಿಚಾರಿಸುವ ಕಚೇರಿಯೊಂದು ಹಾವೇರಿಯಲ್ಲಿತ್ತು. ಅಲ್ಲಿಂದ ವರದಿ ಬಂದಿತ್ತು.

"ಏನ್ ಬೇ ನೀಲವ್ವ, ರಾಣೆಬೆನ್ನೂರು ಕೋರ್ಟಿನ್ಯಾಗ ನಿನ್ನ ಮ್ಯಾಲೆ ಹೊಡದಾಟದ ಕೇಸ್ ಐತಲ್ಲ! ನಳದ ಮುಂದ ಒಬ್ಬಾಕಿಗೆ ಕೊಡದ್ಲೆ ಹೊಡದೀಯಂತ."

"ತಲಿ ಒಡದೈತೇನು?"

"ಹೂಂ. ಮೂರು ಹೊಲಿಗಿ."

"ಹಂಗಾರ ನಾ ಅಲ್ಲ. ಅಷ್ಟು ಎತ್ತರ ಕೊಡ ಎತ್ತಾಕ ನನ್ನ ರಟ್ಟಿ ಏಳಂಗಿಲ್ಲ."

ಓದಿಸಿ ಕೇಳಿದರೆ, ಮೇಡ್ಲೇರಿಯ ನೀಲವ್ವ, ಗಂಡ ಶಿವಪ್ಪ ಎಂದಿತ್ತು. ಮೇಡ್ಲೇರಿ ನನ್ನ ತವರೂರು, ಫಾರ್ಮಿನಲ್ಲಿ ಹುಟ್ಟಿದೂರು ಎಂದು ಬರೆಸಿದ್ದೆ. ಶಿವಪ್ಪನ ಹೆಂಡತಿ ನೀಲವ್ವ ಅಲ್ಲಿ ಬೇರೆಯೇ ಇದ್ದಾಳೆ. ಕೈ ಸ್ವಲ್ಪ ಮುಂದು.

"ಈ ವರದಿ ನಕಲು ಕೇಳೂದು ನಿನ್ನ ಹಕ್ಕು," ಎಂದ ಮ್ಯಾನೇಜರ್. "ತಪ್ಪಿದ್ರ ತಕರಾರು ಕೊಡು, ಅವರು ಮತ್ತ ವಿಚಾರ್ಸಬೇಕು. ಒಂದು ತಿಂಗಳು ಕುರ್ಚಿ ಕಾಯ್ತೇನಿ. ಆಮ್ಯಾಲೆ ಬ್ಯಾರೆದಾಕಿ ಕುಂದರ್ತಾಳ."

ನಾನು ಮರುದಿನವೇ ಹಾವೇರಿಗೆ ಓಡಬೇಕಿತ್ತು. ಓಡಲಿಲ್ಲ. ಸುದ್ದಿ ಓಣಿಗೆ ಮುಟ್ಟಿತ್ತು. ನಳಕ್ಕೆ ಹೋದರೆ ಹೆಂಗಸರು ತಾವಾಗಿ ಪಾಳಿ ಬಿಟ್ಟುಕೊಡುತ್ತಿದ್ದರು. ಮಾಡದ ತಪ್ಪಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಒಂದು ವಾರ ಸುಮ್ಮನೆ ನೀರು ತುಂಬಿದೆ. ಆಮೇಲೆ ಮೊಣಕಾಲು ಕುರ್ಚಿಯನ್ನು ನೆನಪಿಸಿತು, ಬಸ್ಸು ಹತ್ತಿದೆ.

ಕಚೇರಿಯಲ್ಲಿ ತಕರಾರು ಬರೆದುಕೊಳ್ಳಲು ಒಬ್ಬ ಹುಡುಗಿ ಕೂತಿದ್ದಳು. ಕ್ಯಾಲೆಂಡರಿನ ಕಥೆಯನ್ನೆಲ್ಲ ಅವಳಿಗೆ ಹೇಳಿದೆ.

"ಯಜಮಾನ್ರ ಹೆಸರೇನ್ರಿ, ಅಮ್ಮಾ?"

"ಆನಿ ಮಾರಿ, ದೊಡ್ಡ ಹೊಟ್ಟಿ."

"ಅವರು ಹೆಂಗ ಕಾಣ್ತಾರಂತ ಯಾರು ಕೇಳ್ಯಾರ್ರಿ?"

"ದೇವರ ಹೆಸರವ್ವಾ. ತಿಳ್ಕೊ."

"ಗಣಪತಿ, ವಿನಾಯಕ, ಗಜಾನನ… ಯಾವುದಂತ ತಿಳ್ಕೊಳ್ಳಿ? ಹೋದ ಸಲ ಬಟ್ಟು ತೋರ್ಸಿ ಕೇಸ್ ಹಚ್ಕೊಂಡೀರಿ. ಈ ಸಲ ಬಾಯಿ ಬಿಡ್ರಿ."

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ಅನ್ನುತ್ತಾರೆ. ಅವರಿಗೆ ಆಗಲೇ ಅರವತ್ತಾರು. ಕಡಿಮೆಯಾದರೂ ಎಷ್ಟು ಕಡಿಮೆಯಾದೀತು ಎಂದು ಯೋಚಿಸಿದೆ. ಒಂದು ಕಡೆ ಗಂಡ, ಒಂದು ಕಡೆ ಕುರ್ಚಿ.

"ಗಣೇಶಪ್ಪ," ಎಂದೆ.

ಹುಡುಗಿ ತಲೆಯೆತ್ತದೆ ಬರೆದುಕೊಂಡಳು. ಹತ್ತು ದಿನದಲ್ಲಿ ತಿದ್ದಿದ ವರದಿ ಬಂತು. ಇವತ್ತಿಗೂ ಆ ಕುರ್ಚಿ ನನ್ನದೇ. ನಳದ ಪಾಳಿ ಮಾತ್ರ ಹೋಯಿತು.

ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ ಎಂದು ಅವತ್ತು ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದವಳಿಗೆ, ಅವಳು ಕೇಳದಿದ್ದರೂ, ಹೇಳಿದೆ. ಮರುದಿನ ಬೆಳಿಗ್ಗೆ ಎದ್ದವಳೇ ಮಲಗಿದ್ದ ಗಂಡನ ಮೂಗಿನ ಕೆಳಗೆ ಬೆರಳು ಹಿಡಿದೆ. ಬಿಸಿ ಉಸಿರು ತಗಲಿದ ಮೇಲೆಯೇ ಒಲೆ ಹಚ್ಚಿದ್ದು.